ಕಂಪನಿಯ ಅತಿ ಅಪಾಯಕಾರಿ ಮನುಷ್ಯ

ಕಾಲಿನ್ ಮಥಾಯಸ್‌ಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಕೆಲಸ ಸಿಕ್ಕಿತು. ಎರಡೇ ವಾರ ಕಳೆಯುವುದರೊಳಗೆ ಅವನು ಕಂಪನಿಯ ಅತಿ ಅಪಾಯಕಾರಿ ಮನುಷ್ಯ ಎಂದು ಪರ್ತ್‌ನ ಕಂಪ್ಯೂಟರೊಂದು ತೀರ್ಮಾನಿಸಿತು. ಹುಡುಗನೋ, ದಾರಿಯಲ್ಲಿ ಇರುವೆ ಸಾಲು ಕಂಡರೆ ಕಾಲು ಎತ್ತಿಟ್ಟು ದಾಟುವಂಥವನು. ಆದರೆ ಕಂಪ್ಯೂಟರಿಗೆ ಇರುವೆಯ ವಿಷಯ ಯಾರೂ ಹೇಳಿರಲಿಲ್ಲ ನೋಡಿ.

ಅವನ ಮನೆ ಇರುವುದು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ. ತಂದೆ ಜಾನ್ ಕುಂದಾಪುರದ ಕಡೆಯವರು. ಕುವೈತಿನ ಎಣ್ಣೆ ಬಾವಿಗಳ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ಕಳೆದು ಇಲ್ಲಿಗೆ ಬಂದವರು. ತಾಯಿ ಫ್ಲೋರಾ ವೃದ್ಧಾಶ್ರಮವೊಂದರಲ್ಲಿ ನರ್ಸ್. ಆ ಮನೆಯಲ್ಲಿ ಪ್ರೀತಿಗೆ ಕೊಂಕಣಿ, ಉಪದೇಶಕ್ಕೆ ಕನ್ನಡ. ಕನ್ನಡ ಮೀಡಿಯಂನಲ್ಲಿ ಓದಿದ ಜಾನ್‌ಗೆ ಗಂಭೀರವಾದದ್ದನ್ನು ಬೇರೆ ಭಾಷೆಯಲ್ಲಿ ಹೇಳಿದರೆ ಹೇಳಿದಂತೆಯೇ ಆಗುವುದಿಲ್ಲ. ಕಾಲಿನ್ ಎಲ್ಲವನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಹೂಂಗುಟ್ಟುತ್ತಿದ್ದ.

ಕೆಲಸ ಸಿಗುವ ಮೊದಲು ಹನ್ನೊಂದು ತಿಂಗಳು ಅವನು ಮನೆಯಲ್ಲಿ ಕೂತಿದ್ದ. ಚರ್ಚಿನ ಅಂಗಳದಲ್ಲಿ ಯಾರಾದರೂ ಆಂಟಿ "ಏನ್ಮಾಡ್ತಿದೀಯಪ್ಪಾ ಈಗ?" ಎಂದು ಕೇಳುತ್ತಾರೆಂಬ ಹೆದರಿಕೆಯಿಂದ ಬಲಿಪೂಜೆ ಮುಗಿಯುತ್ತಿದ್ದಂತೆ ಕಾರಿನಲ್ಲಿ ಹೋಗಿ ಕೂರುತ್ತಿದ್ದ. ಅಂತೂ ಇಂತೂ ರಾಜ್ಯದ ಗಡಿಯ ಮರುಭೂಮಿಯ ಎಣ್ಣೆ ಕ್ಯಾಂಪಿನಲ್ಲಿ ಕೆಲಸವಾಯಿತು. ಎರಡು ವಾರ ಅಲ್ಲಿ, ಎರಡು ವಾರ ಮನೆ. ಆಫೀಸು ಅಡಿಲೇಡಿನಲ್ಲಿ; ಸುರಕ್ಷತೆಯ ಲೆಕ್ಕ ನೋಡುವವರು ಪರ್ತ್‌ನಲ್ಲಿ. ಮೊದಲ ಆರು ತಿಂಗಳು ಪ್ರೊಬೇಷನ್, ಅಷ್ಟರೊಳಗೆ ಇಷ್ಟವಾಗದಿದ್ದರೆ ಮನೆಗೆ ಕಳಿಸಿಬಿಡಬಹುದು. ಆ ಸಾಲನ್ನು ಕಾಲಿನ್ ನಾಲ್ಕು ಸಲ ಓದಿದ.

ಹೊರಡುವ ದಿನ ಊಟದ ಮೇಜಿನಲ್ಲಿ ಜಾನ್ ಕನ್ನಡಕ್ಕೆ ಇಳಿದರು.

"ನೋಡು, ಎಣ್ಣೆ ಬಾವಿಯಲ್ಲಿ ಉಳೀಲಿಕ್ಕೆ ಒಂದೇ ದಾರಿ ಇರೋದು. ಎಂತಾದ್ರೂ ಹೆಚ್ಚುಕಮ್ಮಿ ಆಯ್ತು ಅಂತಿಟ್ಕೋ, ಯಾರು ಮಾಡಿದ್ದು ಅಂತ ನೋಡ್ಲಿಕ್ಕೆ ಹೋಗ್ಬೇಡ. ಸಾಹೇಬ ಬಾಯಿ ತೆರೆಯುವ ಮೊದಲೇ 'ಸಾರಿ ಸರ್, ನಂದೇ ತಪ್ಪು' ಅಂತ ಹೇಳಿಬಿಡು. ಬೈಲಿಕ್ಕೆ ಬಂದವ ಹಾಗೇ ವಾಪಸ್ ಹೋಗ್ತಾನೆ. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಯಾರಾದ್ರೂ ಮನೆಗೆ ಕಳಿಸಿದ್ರಾ, ಕೇಳು ನಿನ್ನ ಮಮ್ಮಿಯನ್ನು."

"ಬಟ್ ಡ್ಯಾಡಿ, ದಿಸ್ ಈಸ್ ಆಸ್ಟ್ರೇಲಿಯಾ."

"ಎಣ್ಣೆ ಎಲ್ಲ ಕಡೆ ಒಂದೇ ಮಾರಾಯ. ಸಾಹೇಬನೂ ಒಂದೇ."

ಫ್ಲೋರಾ ಮಗನ ತಟ್ಟೆಗೆ ಇನ್ನೊಂದು ಮೀನು ಹಾಕಿ, "ಆದಿತ್ಯವಾರದ ಪ್ರಾರ್ಥನೆ ಒಂದು ಬಿಡಬೇಡ ಪುತಾ," ಎಂದರು. ಅಲ್ಲಿಗೆ ತರಬೇತಿ ಮುಗಿಯಿತು.

ಕ್ಯಾಂಪಿಗೆ ಹೋದ ಮೊದಲ ದಿನವೇ ಅವನ ಕೈಗೆ ಹಳದಿ ಕಾರ್ಡುಗಳ ಒಂದು ಕಟ್ಟು ಕೊಟ್ಟರು. ಪ್ರತಿಯೊಬ್ಬನೂ ದಿನಕ್ಕೊಂದು ಕಾರ್ಡು ಬರೆಯಲೇಬೇಕು: ಇವತ್ತು ಎಲ್ಲಿ ಯಾವ ಅಪಾಯ ಕಂಡೆ, ಯಾರು ಏನು ತಪ್ಪು ಮಾಡುತ್ತಿದ್ದರು, ಏನು ಸರಿಪಡಿಸಿದೆ. ಬರೆಯದವನಿಗೆ ಮರುದಿನ ಬೆಳಗಿನ ಸಭೆಯಲ್ಲಿ ಮಂಗಳಾರತಿ. ಪುಣ್ಯಾತ್ಮರು ಯಾರೋ ಪರ್ತ್‌ನಲ್ಲಿ ಕೂತು ಯೋಚಿಸಿದ್ದು. ಮರುಭೂಮಿಯಲ್ಲಿ ನೂರೆಂಬತ್ತು ಜನ ಸಂಜೆಯಾದರೆ ಸಾಕು, ಪೆನ್ನು ಕಚ್ಚುತ್ತ ಕೂರುತ್ತಿದ್ದರು.

ಕಾಲಿನ್‌ನ ಗುಂಪಿನಲ್ಲಿ ನಾಲ್ಕು ಜನ. ಮೇಸ್ತ್ರಿ ಮಲಾಕಾಯ್ ಟೋಂಗಾ ದ್ವೀಪದವರು, ಐವತ್ತು ದಾಟಿದ್ದರು. ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬರುತ್ತಿರಲಿಲ್ಲ. ವೆಲ್ಡರ್ ರೊಡೆಲ್ ಫಿಲಿಪೀನ್ಸಿನವನು. ಸ್ಕಾಟ್ಲೆಂಡಿನ ಗ್ರೇಮ್‌ನ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಅವನೊಡನೆ ಯಾರಿಗೂ ಜಗಳವಿರಲಿಲ್ಲ. ನಾಲ್ಕನೆಯವನು ಕಾಲಿನ್. ಮೊದಲ ದಿನವೇ ಅವನು ಮಲಾಕಾಯ್‌ಗೆ 'ಅಂಕಲ್' ಅಂದುಬಿಟ್ಟ. ಅವರು ಒಂದು ಕ್ಷಣ ದಿಟ್ಟಿಸಿ ನೋಡಿ, ತಮ್ಮ ತಟ್ಟೆಯಲ್ಲಿದ್ದ ದೊಡ್ಡ ಮಾಂಸದ ತುಂಡನ್ನು ಎತ್ತಿ ಅವನ ತಟ್ಟೆಗೆ ಹಾಕಿದರು. ಕಾಲಿನ್‌ಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತೇ ಮನೆಗೆ ಫೋನ್ ಮಾಡಿ ಆ ಮಾಂಸದ ವಿಷಯ ಹೇಳಿದ.

ಇನ್ನು ಈ ಮನುಷ್ಯರ ಮೇಲೆ ಕಾರ್ಡು ಬರೆಯುವುದು ಹೇಗೆ? ಅದೇ ಸಂಜೆ ರೊಡೆಲ್ ಗ್ಲೌಸ್ ಹಾಕದೆ ಪೈಪು ಹಿಡಿದದ್ದನ್ನು ಕಾಲಿನ್ ಕಣ್ಣಾರೆ ಕಂಡಿದ್ದ. 'ಯಾರು' ಎಂಬ ಜಾಗದಲ್ಲಿ ರೊಡೆಲ್ ಎಂದು ಬರೆಯಲು ಅವನ ಕೈ ಬರಲಿಲ್ಲ. ಪೆನ್ನು ಹಿಡಿದು ಕೂತಾಗ ಅವನಿಗೆ ನೆನಪಾದದ್ದು ಚಿಕ್ಕಂದಿನ ಪಾಪನಿವೇದನೆ. ಶನಿವಾರ ಪಾದ್ರಿಗಳ ಮುಂದೆ ಮೊಣಕಾಲೂರಿ ಹೇಳಲು ಅವನ ಬಳಿ ಸ್ವಂತ ಪಾಪ ಸಾಲುತ್ತಿರಲಿಲ್ಲ. ಅಕ್ಕ ಅಲಿಷಾ ಮಾಡಿದ್ದನ್ನೂ ತನ್ನದೆಂದೇ ಹೇಳಿ, ಅವಳ ಪಾಲಿನ ಜಪವನ್ನೂ ಮಾಡಿ ಬರುತ್ತಿದ್ದ. ಅಪ್ಪ ಹೇಳಿದ್ದೂ ಅದನ್ನೇ ಅಲ್ಲವೆ? 'ಯಾರು' ಎಂಬಲ್ಲಿ ಕಾಲಿನ್ ಮಥಾಯಸ್ ಎಂದು ಬರೆದು ಡಬ್ಬಿಗೆ ಹಾಕಿದ. ಎದೆ ಹಗುರವಾಯಿತು.

ಆಮೇಲೆ ಅದೇ ರೂಢಿಯಾಯಿತು. ಗ್ರೇಮ್ ಏಣಿಯ ತುತ್ತತುದಿಯ ಮೆಟ್ಟಿಲಲ್ಲಿ ನಿಂತದ್ದು ಕಾಲಿನ್ ನಿಂತದ್ದಾಯಿತು. ಮಲಾಕಾಯ್ ಊಟಕ್ಕೆ ಮೊದಲು ಹೆಲ್ಮೆಟ್ ತೆಗೆದು, ಕ್ರೇನಿನ ಕೆಳಗೇ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದು ಕಾಲಿನ್ ಮಾಡಿದ್ದಾಯಿತು. ಕಾರ್ಡಿನ ಮೇಲೆ ಅವನು ಪ್ರತಿದಿನ ಸಾಯುವುದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ.

ಕ್ಯಾಂಪಿನಲ್ಲಿ ಇನ್ನೊಬ್ಬ ಕನ್ನಡದ ಹುಡುಗ ಇದ್ದ, ಸುಮಂತ. ಬ್ರಿಸ್ಬೇನಿನದೇ ಸೇಂಟ್ ಲೂಸಿಯಾ ಬಡಾವಣೆಯ ಡಾಕ್ಟರ್ ರಾಜಗೋಪಾಲರ ಮಗ. ಅವನಿಗೂ ಇದು ಮೊದಲ ಕೆಲಸವೇ, ಆದರೆ ಎಂಜಿನಿಯರಿಂಗ್ ಡಿಗ್ರಿ ಇದ್ದುದರಿಂದ ಅವನ ಹೆಲ್ಮೆಟ್ಟಿನ ಬಣ್ಣ ಬೇರೆ. ಒಂದು ಸಂಜೆ ಮೆಸ್ಸಿನಲ್ಲಿ ಅವನು ಕಾಲಿನ್‌ನ ಕಾರ್ಡು ಇಣುಕಿದ.

"ಗ್ಯಾಸ್ ಸಿಲಿಂಡರ್‌ಗೆ ಚೈನ್ ಹಾಕ್ದೆ ಬಿಟ್ಟೆ ಅಂತ ಬರ್ದಿದೀಯ. ಬಿಟ್ಟಿದ್ಯಾ?"

"ಇಲ್ಲ. ರೊಡೆಲ್ ಬಿಟ್ಟಿದ್ದು."

"ಮತ್ತೆ ನಿನ್ ಹೆಸ್ರು ಯಾಕೋ?"

"ಅವ್ನಿಗೆ ಮೂರು ಮಕ್ಕಳು ಮ್ಯಾನ್. ನಂಗೇನು?"

ಸುಮಂತ ಹಣೆ ಚಚ್ಚಿಕೊಂಡ. "ಗುರು, ನನ್ನ ನೋಡಿ ಕಲಿ. ದಿನಾ ಒಂದೇ ಬರೀತೀನಿ, ಮೆಸ್ ಬಾಗಿಲಲ್ಲಿ ನೀರು ನಿಂತಿದೆ, ಜಾರ್ತಾರೆ ಅಂತ. ನೀರಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ."

ಕಾಲಿನ್‌ಗೆ ಅದು ಮೋಸ ಅನಿಸಿತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹತ್ತನೆಯ ದಿನ ಒಂದು ಎಡವಟ್ಟಾಯಿತು, ಮತ್ತು ಅದು ನಿಜಕ್ಕೂ ಕಾಲಿನ್‌ನದೇ ಎಡವಟ್ಟು.

ಬಾವಿಯ ಹತ್ತಿರ ಹೋಗುವವರೆಲ್ಲ ಎದೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಯಂತ್ರವೊಂದನ್ನು ಸಿಕ್ಕಿಸಿಕೊಳ್ಳಬೇಕು. ವಿಷದ ಗ್ಯಾಸು ಸುಳಿದರೆ ಅದು ಕಿರುಚುತ್ತದೆ, ಮನುಷ್ಯ ಓಡಿ ಬದುಕಿಕೊಳ್ಳುತ್ತಾನೆ. ಅದು ಕಿರುಚುವ ಸ್ಥಿತಿಯಲ್ಲಿ ಇದೆಯೇ ಎಂದು ದಿನಾ ಬೆಳಗ್ಗೆ ನೋಡಬೇಕು: ಪುಟ್ಟ ಸಿಲಿಂಡರಿನಿಂದ ಅದಕ್ಕೆ ಒಂದು ಉಸಿರಿನಷ್ಟು ಪರೀಕ್ಷೆಯ ಗ್ಯಾಸು ತೋರಿಸುವುದು, ಕಿರುಚಿತೇ, ಟ್ಯಾಬ್ಲೆಟ್ಟಿನಲ್ಲಿ 'ಸರಿ' ಎಂದು ಒತ್ತುವುದು. ಗುಂಪಿನ ನಾಲ್ಕೂ ಯಂತ್ರಗಳಿಗೆ ಹೀಗೆ ಮಾಡುವುದು ಹೊಸಬನ ಕೆಲಸ, ಅಂದರೆ ಕಾಲಿನ್‌ನದು. ಹತ್ತನೆಯ ದಿನ ಅವನು ಸಿಲಿಂಡರಿನ ತಿರುಪನ್ನು ಸರಿಯಾಗಿ ಮುಚ್ಚದೆ ಬಂದ. ಮರುದಿನ ನೋಡಿದರೆ ಸಿಲಿಂಡರ್ ಖಾಲಿ. ಬೇರೆಯದು ಬರುವುದು ಮೂರು ದಿನ ಬಿಟ್ಟು, ಲಾರಿಯಲ್ಲಿ.

ಪರೀಕ್ಷೆಯಾಗದ ಯಂತ್ರ ಕಟ್ಟಿಕೊಂಡು ಯಾರೂ ಬಾವಿಯ ಹತ್ತಿರ ಸುಳಿಯುವಂತಿಲ್ಲ. ಕಾಲಿನ್ ಬಾಯಿ ಬಿಟ್ಟರೆ ಕೆಲಸ ನಿಲ್ಲುತ್ತದೆ, ಅಡಿಲೇಡಿಗೆ ಫೋನು ಹೋಗುತ್ತದೆ, ಯಾರು ಮಾಡಿದ್ದು ಎಂಬ ಪ್ರಶ್ನೆ ಬರುತ್ತದೆ. ಹತ್ತು ದಿನ ಊರವರ ತಪ್ಪನ್ನೆಲ್ಲ ತನ್ನದೆಂದು ಬರೆದ ಹುಡುಗನಿಗೆ ತನ್ನದೇ ತಪ್ಪನ್ನು ಹೇಳಲು ನಾಲಿಗೆ ಏಳಲಿಲ್ಲ. ನಾಲ್ಕು ಯಂತ್ರಗಳ ಮುಂದೆಯೂ 'ಸರಿ' ಎಂದು ಒತ್ತಿದ. ಮಲಾಕಾಯ್ ಬಂದು ತಮ್ಮದನ್ನು ಎತ್ತಿಕೊಂಡು, "ನೋಡಿದೆಯಾ?" ಎಂದರು.

"ನೋಡಿದೆ ಅಂಕಲ್."

ಹನ್ನೊಂದು, ಹನ್ನೆರಡು, ಹದಿಮೂರು. ಮೂರು ದಿನ ಹೀಗೆಯೇ. ನಡುವಿನ ದಿನ, ಬುಧವಾರ, ಮಲಾಕಾಯ್ ಬಾವಿಯ ಬುಡದ ಕಾಂಕ್ರೀಟ್ ಗುಂಡಿಯೊಳಕ್ಕೆ ಇಳಿದರು. ಭಾರವಾದ ಗ್ಯಾಸು ಇದ್ದರೆ ಅಂಥಲ್ಲೇ ಹೋಗಿ ಕೂರುವುದು. ಕಾಲಿನ್ ಮೇಲೆ ನಿಂತು ಹಗ್ಗ ಹಿಡಿದಿದ್ದ. ಅವನ ಅಂಗೈ ಬೆವರಿ ಗ್ಲೌಸಿನೊಳಗೆ ಜಾರುತ್ತಿತ್ತು. ದೇವರೇ, ಇದೊಂದು ಸಲ, ಎಂದು ಬೇಡಿಕೊಂಡ. ಇಪ್ಪತ್ತು ನಿಮಿಷದ ಮೇಲೆ ಅವರು ಹತ್ತಿ ಬಂದು ನೀರು ಕುಡಿದರು. ಏನೂ ಆಗಲಿಲ್ಲ.

ಹದಿನಾಲ್ಕನೆಯ ದಿನ ಲಾರಿ ಬಂತು. ಕಾಲಿನ್ ಹೊಸ ಸಿಲಿಂಡರ್ ಹಿಡಿದು ಒಂದೊಂದೇ ಯಂತ್ರಕ್ಕೆ ಗ್ಯಾಸು ತೋರಿಸಿದ. ಅವನದು ಕಿರುಚಿತು, ರೊಡೆಲ್‌ನದು ಕಿರುಚಿತು, ಗ್ರೇಮ್‌ನದು ಕಿರುಚಿತು. ಮಲಾಕಾಯ್ ಅವರದು ಸುಮ್ಮನಿತ್ತು. ಮತ್ತೆ ತೋರಿಸಿದ. ಸುಮ್ಮನಿತ್ತು. ಅದು ಎಂದು ಸತ್ತಿತ್ತೋ ಯಾರಿಗೆ ಗೊತ್ತು. ಅವನು ಅದನ್ನು ಕೆಟ್ಟ ಸಾಮಾನಿನ ಪೆಟ್ಟಿಗೆಯ ತಳಕ್ಕೆ ಹಾಕಿ, ಬೇರೊಂದನ್ನು ಪರೀಕ್ಷಿಸಿ ಅವರ ಕೊಕ್ಕೆಗೆ ಸಿಕ್ಕಿಸಿದ. ಸಂಜೆ ಕಾರ್ಡಿನಲ್ಲಿ, ತಾನು ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಲಿಲ್ಲವೆಂದು ಬರೆದ.

ರಜೆಗೆ ಮನೆಗೆ ಬಂದ ನಾಲ್ಕನೆಯ ದಿನ ಪತ್ರ ಬಂತು. ಹದಿನಾಲ್ಕು ದಿನದಲ್ಲಿ ಹದಿನಾಲ್ಕು ಅಪಾಯಕಾರಿ ವರ್ತನೆ, ಎಲ್ಲದರಲ್ಲೂ ಒಬ್ಬನೇ ಮನುಷ್ಯ. ಕಂಪನಿಯ ಇತಿಹಾಸದಲ್ಲಿ ಹೀಗಾದದ್ದು ಇದೇ ಮೊದಲು ಎಂದು ಪರ್ತ್‌ನವರು ತಿಳಿಸಿದ್ದಾರೆ. ಪ್ರೊಬೇಷನ್ ಮುಂದುವರಿಸಬೇಕೇ ಎಂದು ತೀರ್ಮಾನಿಸಲು ಶುಕ್ರವಾರ ಅಡಿಲೇಡಿಗೆ ಬರತಕ್ಕದ್ದು.

ಜಾನ್ ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. "ಹದಿನಾಲ್ಕು? ನೀನು ಅಲ್ಲಿ ಎಂತ ಮಾಡ್ತಿದ್ದದ್ದು ಮಾರಾಯ?"

"ನೀವು ಹೇಳಿದ್ದೇ ಡ್ಯಾಡಿ."

"ನಾನು ಬಾಯಲ್ಲಿ ಹೇಳು ಅಂದದ್ದು! ಬರೆದು ಕೊಡು ಅಂದೆನಾ? ಕುವೈತಿನಲ್ಲಿ ನಾನು ಒಂದು ಚೀಟಿಯಾದ್ರೂ ಬರೆದದ್ದುಂಟಾ?"

ಫ್ಲೋರಾ ಅಳುವುದಕ್ಕೆ ಶುರುಮಾಡಿದರು. ಹನ್ನೊಂದು ತಿಂಗಳ ನೊವೇನಾ ಪ್ರಾರ್ಥನೆ ಫಲ ಕೊಟ್ಟು ಹದಿನೆಂಟು ದಿನವಾಗಿತ್ತಷ್ಟೆ. ಅಳುತ್ತಲೇ ಮಗನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದರು.

ಅಡಿಲೇಡಿನ ಆಫೀಸಿನಲ್ಲಿ ಸುರಕ್ಷತೆಯ ಅಧಿಕಾರಿ ಬ್ರಿಜೆಟ್ ಎಂಬಾಕೆ ಹದಿನಾಲ್ಕು ಹಳದಿ ಕಾರ್ಡುಗಳನ್ನು ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿಕೊಂಡು ಕೂತಿದ್ದಳು. ಗೋಡೆಯ ಪರದೆಯಲ್ಲಿ ಪರ್ತ್‌ನ ಒಬ್ಬ ಮನುಷ್ಯನ ಅರ್ಧ ಮುಖ ಕಾಣುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಮಲಾಕಾಯ್ ಕೂತಿದ್ದರು. ಅವರ ಮನೆ ಅಡಿಲೇಡಿನಲ್ಲೇ. ರಜೆಯಲ್ಲಿದ್ದವರನ್ನು ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿ, ಚರ್ಚಿಗೆ ಹೋಗುವ ಅಂಗಿ ತೊಟ್ಟು ತಾವಾಗಿಯೇ ಬಂದಿದ್ದರು.

"ಕಾಲಿನ್, ಮೊದಲನೆಯ ದಿನ ಗ್ಲೌಸ್ ಇಲ್ಲದೆ ಪೈಪು ಹಿಡಿದೆ ಅಂತ ಬರೆದಿದ್ದೀಯ," ಎಂದಳು ಬ್ರಿಜೆಟ್. "ಯಾಕೆ?"

ಅವನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ದನಿ ಬಂತು. "ಅದು ಇವನಲ್ಲ. ನನ್ನ ಗುಂಪು. ನಾನು ನೋಡಿದ್ದೆ, ಸುಮ್ಮನಿದ್ದೆ. ನನ್ನದು ಅಂತ ಬರ್ಕೊಳ್ಳಿ."

"ಏಣಿ?"

"ಇವನಲ್ಲ. ಅದೂ ನನ್ನ ಲೆಕ್ಕಕ್ಕೆ."

"ಹೆಲ್ಮೆಟ್ ತೆಗೆದು ಕ್ರೇನಿನ ಕೆಳಗೆ ಪ್ರಾರ್ಥನೆ?"

"ಅದಂತೂ ನಾನೇ. ಇನ್ನು ಮುಂದೆ ಹೆಲ್ಮೆಟ್ ಹಾಕ್ಕೊಂಡೇ ಮಾಡ್ತೀನಿ. ದೇವರಿಗೆ ಬೇಜಾರಿಲ್ಲ."

ಹೀಗೆ ಹದಿನಾಲ್ಕೂ ಕಾರ್ಡುಗಳು ಒಂದೊಂದಾಗಿ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋದವು. ಕೊನೆಯ ಮೆಟ್ಟಿಲಿನ ಕಂಬಿಯ ಕಾರ್ಡು ಬಂದಾಗ ಮಲಾಕಾಯ್, "ಈ ಹುಡುಗ ಸ್ನಾನದ ಮನೆಯಲ್ಲೂ ಕಂಬಿ ಹಿಡೀತಾನೆ," ಎಂದರು. ಪರ್ತ್‌ನ ಅರ್ಧ ಮುಖ ನಕ್ಕಿತು.

ಬ್ರಿಜೆಟ್ ಪೆನ್ನು ಕೆಳಗಿಟ್ಟಳು. "ಅಂದರೆ ನೀನು ಒಂದು ತಪ್ಪೂ ಮಾಡಿಲ್ಲ."

ಕೆಲಸ ಉಳಿಯಿತು. ಎದ್ದು ಕೈ ಕುಲುಕಿ ಹೊರಗೆ ಬರುವುದಷ್ಟೇ ಬಾಕಿ. ಕಾಲಿನ್ ಎದ್ದದ್ದೂ ಆಯಿತು. ಆಗ ಮಲಾಕಾಯ್ ಅವನತ್ತ ನೋಡಿ ಕಣ್ಣು ಮಿಟುಕಿಸಿದರು. ಆ ಮಿಟುಕೊಂದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅವನು ಮತ್ತೆ ಕೂತ.

"ಒಂದು ಮಾಡಿದ್ದೇನೆ," ಎಂದ. "ಕಾರ್ಡಿನಲ್ಲಿ ಇಲ್ಲ. ಪರೀಕ್ಷೆಯ ಸಿಲಿಂಡರ್ ನನ್ನಿಂದ ಖಾಲಿಯಾಯಿತು. ಮೂರು ದಿನ ಗ್ಯಾಸಿನ ಯಂತ್ರ ಯಾವುದನ್ನೂ ನೋಡಲಿಲ್ಲ. ನೋಡಿದೆ ಅಂತ ಒತ್ತಿದೆ."

ಬ್ರಿಜೆಟ್ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿದಳು. ಆಮೇಲೆ ಆಕೆಯ ಮುಖದಲ್ಲಿ ಕನಿಕರ ಮೂಡಿತು.

"ಇಲ್ಲಿ ಹದಿನಾಲ್ಕು ದಿನವೂ 'ಸರಿ' ಅಂತಿದೆ. ಒಂದು ದಿನವೂ ತಪ್ಪಿಲ್ಲ."

"ಒತ್ತಿದವನು ನಾನೇ ಅಲ್ವಾ..."

"ಕಾಲಿನ್," ಆಕೆ ಮೆತ್ತಗೆ ಹೇಳಿದಳು, "ನೀನು ಮತ್ತೆ ಅದನ್ನೇ ಮಾಡ್ತಿದ್ದೀಯ."

"ಪಾಪ," ಎಂದಿತು ಪರ್ತ್‌ನ ಅರ್ಧ ಮುಖ.

ಅವನು ಆಣೆ ಪ್ರಮಾಣ ಮಾಡಿದ. ಮಾಡಿದಷ್ಟೂ ಅವರ ಕನಿಕರ ಹೆಚ್ಚಿತು. ಕೊನೆಗೆ ಬ್ರಿಜೆಟ್ ಅವನ ಹೆಸರಿನ ಮುಂದೆ 'ಪ್ರೊಬೇಷನ್ ಮುಂದುವರಿಸಿ' ಎಂದು ಬರೆದು, ಆತ್ಮವಿಶ್ವಾಸ ಬೆಳೆಸಿಕೊಳ್ಳುವ ಎರಡು ಗಂಟೆಯ ತರಬೇತಿಗೆ ಅವನನ್ನು ಸೇರಿಸಿದಳು. ಕೈ ಕುಲುಕುವಾಗ, ನಿನ್ನಂಥ ಪ್ರಾಮಾಣಿಕರೇ ಕಂಪನಿಗೆ ಬೇಕು ಎಂದಳು.

ಹೊರಗೆ ಸುಡು ಬಿಸಿಲು. ಆಫೀಸಿನ ಎದುರಿನ ಬಸ್ ಸ್ಟಾಪಿಗೆ ಮಲಾಕಾಯ್ ನಡೆದರು. ಬೆಂಚಿನ ಮೇಲೆ ಕೂತರು. ಕಾಲಿನ್ ನಿಂತೇ ಇದ್ದ. ಇಷ್ಟು ಹೊತ್ತು ಕೆಲಸ ಹೋದೀತೆಂದು ಹೆದರಿದ್ದವನಿಗೆ ಈಗ ಈ ಒಬ್ಬ ಮನುಷ್ಯ ಏನನ್ನುತ್ತಾನೋ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

"ಯಾವ ಮೂರು ದಿನ?" ಮಲಾಕಾಯ್ ಕೇಳಿದರು.

"ಮಂಗಳವಾರ, ಬುಧವಾರ, ಗುರುವಾರ."

"ಬುಧವಾರ ನಾನು ಗುಂಡಿಗೆ ಇಳಿದಿದ್ದೆ."

"ಗೊತ್ತು."

"ನೀನು ಹಗ್ಗ ಹಿಡಿದು ನಿಂತಿದ್ದೆ."

"ಹೌದು ಅಂಕಲ್."

ಒಂದು ಬಸ್ಸು ಬಂದು ನಿಂತು, ಯಾರೂ ಹತ್ತದಿದ್ದುದನ್ನು ನೋಡಿ ಹೋಯಿತು. ಮಲಾಕಾಯ್ ಅದನ್ನೇ ನೋಡುತ್ತ, "ಆಮೇಲೆ ನೋಡಿದಾಗ ನಾಲ್ಕೂ ಕಿರುಚಿದವಾ?" ಎಂದರು.

ಇದನ್ನು ಒಳಗೆ ಯಾರೂ ಕೇಳಿರಲಿಲ್ಲ. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು.

"ಮೂರು ಕಿರುಚಿದವು," ಎಂದ ಕಾಲಿನ್. "ನಿಮ್ಮದು ಕಿರುಚಲಿಲ್ಲ."

ಮಲಾಕಾಯ್ ಅವರ ದೊಡ್ಡ ಕೈಗಳೆರಡೂ ಮೊಣಕಾಲಿನ ಮೇಲೆ ಬಿದ್ದಿದ್ದವು. ಕಾಲಿನ್ ಅಳುತ್ತಿದ್ದ, ಬೈದರೆ ಸಾಕಿತ್ತು, ಹೊಡೆದರೂ ಸಾಕಿತ್ತು ಅನಿಸುತ್ತಿತ್ತು ಅವನಿಗೆ.

"ಮುಂದಿನ ವಾರ ಶನಿವಾರದಿಂದ ಮತ್ತೆ ಎರಡು ವಾರ," ಎಂದರು ಕೊನೆಗೆ. "ನೀನು ನನ್ನ ಗುಂಪಿನಲ್ಲೇ ಇರ್ತೀಯ. ಯಂತ್ರ ನೋಡೋದು ನಾನು. ಗುಂಡಿಗೆ ಇಳಿಯೋದು ನೀನು."

"ಆಗಲಿ."

"ಬೆಳಗ್ಗೆ ನಿನ್ನ ಕೈಗೆ ಯಂತ್ರ ಕೊಟ್ಟು, ನೋಡಿದ್ದೇನೆ ಅಂತೀನಿ. ಇಳೀತೀಯ?"

"ಇಳೀತೀನಿ ಅಂಕಲ್. ನೀವು ಹೇಳಿದ್ಮೇಲೆ ಇನ್ನೇನು?"

"ನಾನೂ ಹಾಗೇ ಇಳಿದಿದ್ದೆ," ಎಂದು ಮಲಾಕಾಯ್ ಎದ್ದು, ಬಸ್ಸಿಗೂ ಕಾಯದೆ ಮನೆಯ ಕಡೆಗೆ ನಡೆದರು.